ಫೋಟೋ ತೆಗೆದ ಮೇಲಿನ ಮನೆ

ಹಳೆಯ ಘರಕುಲಗಳ ದುರಸ್ತಿಗೆ ವರ್ಷವರ್ಷವೂ ಒಂದಿಷ್ಟು ಹಣ ತೆಗೆದಿಡಬೇಕು, ಯಾವ ಮನೆಗೆ ಏನು ಬೇಕು ಎಂಬ ಪಟ್ಟಿ ಗ್ರಾಮಸಭೆಯಲ್ಲೇ ಆಗಬೇಕು ಎಂದು ನಾನು ಹೇಳಿದ್ದೇ ತಡ, ಯಳವಿಯ ಚಹಾದಂಗಡಿಯಿಂದ ಜತ್ತದ ಬಸ್ ಸ್ಟ್ಯಾಂಡಿನವರೆಗೆ ಬೈಸಿಕೊಂಡೆ. ಬೈದವರಲ್ಲಿ ನನಗೆ ಅಕ್ಷರ ತಿದ್ದಿಸಿದ ಮಾಸ್ತರರಿದ್ದಾರೆ, ಸುತ್ತಲಿನ ಎಷ್ಟೋ ಮನೆಗಳಿಗೆ ಸ್ಲ್ಯಾಬ್ ಹಾಕಿಸಿದ ಕಂತ್ರಾಟದಾರರಿದ್ದಾರೆ, ಸರಕಾರಿ ಕಾಗದ ನನಗಿಂತ ಚೆನ್ನಾಗಿ ಬಲ್ಲ ಹುಡುಗರಿದ್ದಾರೆ. ಎದುರು ಸಿಕ್ಕಾಗ ಅರ್ಧ ಉತ್ತರ ಹೇಳಿ ಬಸ್ಸು ಹತ್ತಿದ್ದೆ. ಉಳಿದರ್ಧವನ್ನು ಈಗ ಕೂತು ಬರೆಯುತ್ತಿದ್ದೇನೆ.

ಗಡಿಯಾಚೆಯ ಓದುಗರಿಗೆ ಒಂದು ಮಾತು. ಕರ್ನಾಟಕದಲ್ಲಿ ಜನ ‘ಆಶ್ರಯ ಮನೆ’ ಅನ್ನುತ್ತಾರಲ್ಲ, ಅದಕ್ಕೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ನಮ್ಮ ಕಡೆ ಘರಕುಲ ಎಂದು ಹೆಸರು. ಇಂದಿರಾ ಆವಾಸ, ಪರಿಶಿಷ್ಟರಿಗೆ ರಮಾಯಿ, ಆದಿವಾಸಿಗಳಿಗೆ ಶಬರಿ, ಈಗ ಪ್ರಧಾನಮಂತ್ರಿ ಆವಾಸ. ಬೋರ್ಡಿನ ಮೇಲೆ ಯಾವ ಹೆಸರಿದ್ದರೂ ಬಾಯಲ್ಲಿ ಎಲ್ಲವೂ ಘರಕುಲವೇ.

ಮೊದಲ ತಕರಾರು ಮಾಸ್ತರರದು. “ಸರಕಾರ ಒಮ್ಮೆ ಕೊಟ್ಟೈತಿ. ಮನಿ ಅಂದಮ್ಯಾಲ ಸೋರೂದ ಸೋರತೈತಿ. ನಂದೂ ಸೋರತೈತಿ, ನಾ ಏನ್ ಸರಕಾರಕ್ಕ ಅರ್ಜಿ ಹಾಕೇನೇನು?”

ಗುರುಗಳೇ, ನಿಮ್ಮ ಮನೆ ನೀವು ಪಗಾರದಲ್ಲಿ ಕಟ್ಟಿಸಿದ್ದು. ಎಷ್ಟು ಕಂಬಿ, ಎಷ್ಟು ಸಿಮೆಂಟು ಎಂದು ನೀವೇ ಗೌಂಡಿಯ ಜೊತೆ ಕೂತು ಲೆಕ್ಕ ಹಾಕಿದ್ದಿರಿ. ಘರಕುಲದವರಿಗೆ ಲೆಕ್ಕವನ್ನು ಮೊದಲೇ ಹಾಕಿ ಕೊಟ್ಟಿದ್ದರು. 1985–86ರಲ್ಲಿ ಶುರುವಾದ ಇಂದಿರಾ ಆವಾಸ 1996ರ ಜನವರಿ 1ರಿಂದ ಸ್ವತಂತ್ರ ಯೋಜನೆಯಾಯಿತು. ಆಗ ಬಯಲುಸೀಮೆಯ ಮನೆಯೊಂದಕ್ಕೆ ಇಟ್ಟ ಹಣ 20,000 ರೂಪಾಯಿ. ಮನೆ ಕನಿಷ್ಠ 20 ಚದರ ಮೀಟರ್ ಇರಬೇಕು, ಅಂದರೆ ಸುಮಾರು 215 ಚದರ ಅಡಿ. ಭಾಗಿಸಿ ನೋಡಿ, ಚದರ ಅಡಿಗೆ 93 ರೂಪಾಯಿ. ಆ ಮೊತ್ತ 2004ರಲ್ಲಿ 25,000 ಆಯಿತು, 2008ರಲ್ಲಿ 35,000, 2010ರಲ್ಲಿ 45,000, 2013ರಲ್ಲಿ 70,000. ಆ ಕಾಲದ ಬೆಲೆ ಕಡಿಮೆಯಿತ್ತು, ಒಪ್ಪುತ್ತೇನೆ. ಆದರೂ 93 ರೂಪಾಯಿಗೆ ಪಾಯ, ಗೋಡೆ, ಸ್ಲ್ಯಾಬು, ಬಾಗಿಲು ಎಲ್ಲ ಬರಬೇಕಾದರೆ ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿಯಲೇಬೇಕು. ಬಾಗಿಲು ಕಣ್ಣಿಗೆ ಕಾಣುತ್ತದೆ, ಅದನ್ನು ಬಿಡಲು ಬರುವುದಿಲ್ಲ. ಸ್ಲ್ಯಾಬಿನೊಳಗಿನ ಕಂಬಿ ಕಾಣುವುದಿಲ್ಲ.

ಇನ್ನೊಂದು ಮಾತು ನಿಮಗೆ ನೆನಪಿರಲಿಕ್ಕಿಲ್ಲ. ‘ಒಮ್ಮೆ ಕೊಟ್ಟರೆ ಮುಗೀತು’ ಎಂದು ಸರಕಾರವೇ ಯಾವಾಗಲೂ ಹೇಳಿದ್ದಿಲ್ಲ. 1999ರಲ್ಲಿ ಇಂದಿರಾ ಆವಾಸದ ನಿಯಮ ತಿದ್ದಿದಾಗ ಒಟ್ಟು ಹಣದ ಶೇ. 20ನ್ನು ಇದ್ದ ಕಚ್ಚಾ ಮನೆಗಳನ್ನು ಸುಧಾರಿಸುವುದಕ್ಕೇ ಎತ್ತಿಟ್ಟಿದ್ದರು. ಮನೆಗೆ 10,000, ಮುಂದೆ 12,500, ಆಮೇಲೆ 15,000. ಮೊತ್ತ ಸಣ್ಣದು. ಆದರೆ ಮನೆ ಕಟ್ಟುವುದು ಒಂದು ಕೆಲಸ, ಇದ್ದ ಮನೆ ಸುಧಾರಿಸುವುದು ಇನ್ನೊಂದು ಕೆಲಸ, ಎರಡಕ್ಕೂ ಬೇರೆ ಬೇರೆ ಗಂಟು ಬೇಕು ಎಂಬ ತಿಳಿವಳಿಕೆ ಅದರಲ್ಲಿತ್ತು. 2016ರಲ್ಲಿ ಪ್ರಧಾನಮಂತ್ರಿ ಆವಾಸ ಬಂತು. ಮನೆ 25 ಚದರ ಮೀಟರಿಗೆ ಬೆಳೆಯಿತು, ಹಣ 1.20 ಲಕ್ಷಕ್ಕೆ ಏರಿತು, ಎರಡೂ ಒಳ್ಳೆಯದೇ. ದುರಸ್ತಿಯ ಗಂಟು ಮಾತ್ರ ಕಾಣೆಯಾಯಿತು. ನಾನು ಕೇಳುತ್ತಿರುವುದು ಹೊಸ ದಾನವಲ್ಲ, ಮೊದಲು ಇದ್ದದ್ದನ್ನು.

ಮಾಸ್ತರರ ಮಾತಿಗೆ ಬೆನ್ನು ಹಚ್ಚಿಯೇ ಕಂತ್ರಾಟದಾರರು ಹೇಳಿದ್ದು: “ಕೆಲಸಾ ಕಚ್ಚಾ ಮಾಡಿಸ್ಕೊಂಡವ್ರು ಅವ್ರss. ನೀರ ಹೊಡೀರಿ, ನೀರ ಹೊಡೀರಿ ಅಂತ ಬಡ್ಕೊಂಡ್ರೂ ಹೊಡೀಲಿಲ್ಲ. ಸ್ಲ್ಯಾಬ್ ಬೀಳದ ಏನ್ ಮಾಡತೈತಿ?”

ಇದು ಸುಳ್ಳಲ್ಲ. ಅದಕ್ಕೇ ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು.

ನಮ್ಮ ಕಾಕಿಯ ಘರಕುಲದ ಒಳಗೆ ನಿಂತು ತಲೆ ಎತ್ತಿ ನೋಡಿ. ಸ್ಲ್ಯಾಬಿನ ಕೆಳಮೈಯ ಗಿಲಾವು ರೊಟ್ಟಿಯ ಹಕ್ಕಳೆ ಎದ್ದಂತೆ ಎದ್ದು ಉದುರಿದೆ. ಮೂರು ಕಡೆ ಕಂಬಿ ಹೊರಗೆ ಕಾಣುತ್ತದೆ. ಬೆರಳಿನಿಂದ ಉಜ್ಜಿದರೆ ಕೆಂಪು ಪುಡಿ ಕೈಗೆ ಹತ್ತುತ್ತದೆ. ತೊಟ್ಟಿಲು ಕಟ್ಟುವ ಕೊಂಡಿಯಲ್ಲಿ ಈಗ ತೊಟ್ಟಿಲಿಲ್ಲ. ನಾಲ್ಕು ಮೂಲೆಗೆ ಹಗ್ಗ ಬಿಗಿದು ಒಂದು ನೀಲಿ ತಾಡಪತ್ರಿಯನ್ನು ಸ್ಲ್ಯಾಬಿನ ಕೆಳಗೆ ಕಟ್ಟಿದ್ದಾಳೆ, ಮಲಗಿದವರ ಮೇಲೆ ಉದುರು ಬೀಳದಿರಲಿ ಎಂದು. ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ಅದರಲ್ಲಿ ಕೂಡಿದ ಸಿಮೆಂಟಿನ ಚೂರನ್ನು ಮೊರದಲ್ಲಿ ತುಂಬಿ ಹೊರಗೆ ಚೆಲ್ಲುತ್ತಾಳೆ. ಜೋಳ ಕೇರುವ ಮೊರವೇ ಅದು.

ಇನ್ನು ಮೇಲೆ ಹತ್ತಿದರೆ ಸ್ಲ್ಯಾಬೇ ಕಾಣುವುದಿಲ್ಲ, ಮಣ್ಣು ಕಾಣುತ್ತದೆ. ನಮ್ಮ ಹಿರಿಯರ ಮನೆಗಳೆಲ್ಲ ಮಾಳಗಿ ಮನೆಗಳು. ತೊಲೆ, ಜಂತಿ, ಅದರ ಮೇಲೆ ತಟ್ಟಿ, ಅದರ ಮೇಲೆ ಹಾಳಮಣ್ಣು. ಸೋರಿದರೆ ಮಳೆಗಾಲಕ್ಕೆ ಮುಂಚೆ ಇನ್ನೊಂದು ಪದರು ಮಣ್ಣು ಹಾಕಿ ಬಡಿಯುವುದು. ಕಾಕಿ ತನಗೆ ಗೊತ್ತಿದ್ದ ವಿದ್ಯೆಯನ್ನೇ ಸ್ಲ್ಯಾಬಿಗೂ ಮಾಡಿದ್ದಾಳೆ. ಸೋರಿಕೆ ಎರಡು ಮಳೆಗಾಲ ನಿಂತಿತು. ಆದರೆ ನಾಲ್ಕು ಇಂಚು ಮಣ್ಣು ಅಂದರೆ 20 ಚದರ ಮೀಟರಿನ ಮಾಳಿಗೆಗೆ ಮೂರು ಟನ್ನಿಗೂ ಹೆಚ್ಚು ಭಾರ, ಅದೂ ಒಣಗಿದ್ದಾಗ. ಕಂಬಿ ತಿಂದುಹೋದ ಸ್ಲ್ಯಾಬು ಅದನ್ನು ಹೊತ್ತು ನಿಂತಿದೆ. ‘ಇಳಿಸಿದ್ರ ಸೋರತೈತಿ, ಇಟ್ರ ಬೀಳತೈತಿ ಅಂತೀ, ಎರಡರಾಗ ಯಾವ್ದರೆ ಒಂದ ಹೇಳೋ ತಮ್ಮಾ’ ಎಂದು ನನ್ನನ್ನು ಕೇಳಿದಳು. ಇಳಿಸು ಎಂದು ಹೇಳಿ ಬಂದೆ. ಇಳಿಸಿದ ಮೇಲೆ ಏನು ಎಂಬುದಕ್ಕೆ ನನ್ನ ಬಳಿಯೂ ಆಗ ಉತ್ತರವಿರಲಿಲ್ಲ.

ಈಗ ‘ನೀರು ಹೊಡೀಲಿಲ್ಲ’ ಎಂಬ ಆರೋಪಕ್ಕೆ ಬರೋಣ. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ. ಭಾರತೀಯ ಮಾನಕ 456ರ ಪ್ರಕಾರ ಸಾದಾ ಸಿಮೆಂಟಿನ ಕಾಂಕ್ರೀಟನ್ನು ಏಳು ದಿನವಾದರೂ ತೇವ ಇಡಬೇಕು. ಬಿಸಿಲು, ಒಣಹವೆಯಿದ್ದರೆ ಹತ್ತು ದಿನ. ಬೂದಿ ಬೆರೆಸಿದ ಸಿಮೆಂಟಾದರೆ ಹದಿನಾಲ್ಕು. ಇಪ್ಪತ್ತು ಚದರ ಮೀಟರಿನ ಸ್ಲ್ಯಾಬಿನ ಮೇಲೆ ಅಂಚು ಕಟ್ಟಿ ಎರಡು ಇಂಚು ನೀರು ನಿಲ್ಲಿಸಬೇಕಾದರೆ ಒಂದು ಸಲಕ್ಕೇ ಸಾವಿರ ಲೀಟರು. ಬಿಸಿಲಿಗೆ ಆರಿದಂತೆ ಮತ್ತೆ ಮತ್ತೆ ತುಂಬಬೇಕು. ಬರಗಾಲದ ಟ್ಯಾಂಕರಿನ ಲೆಕ್ಕ ತಲೆಗೆ ದಿನಕ್ಕೆ 20 ಲೀಟರು. ಐದು ಮಂದಿಯ ಸಂಸಾರಕ್ಕೆ ನೂರು. ಅಂದರೆ ಸ್ಲ್ಯಾಬಿಗೆ ಒಮ್ಮೆ ನೀರು ನಿಲ್ಲಿಸುವುದೆಂದರೆ ಇಡೀ ಮನೆಯವರ ಹತ್ತು ದಿನದ ಕುಡಿಯುವ, ಅಡುಗೆಯ, ಮೈತೊಳೆಯುವ ನೀರನ್ನು ಮಾಳಿಗೆಯ ಮೇಲೆ ಸುರಿಯುವುದು. ಅದನ್ನು ಮಾಡಲಿಲ್ಲ ಎಂದು ಕಾಕಿಯನ್ನು ಬೈಯುವುದು ಹೇಗೆ?

ನಮ್ಮದು ಮಳೆಯ ನೆರಳಿನ ಸೀಮೆ. ಇಲ್ಲಿ ಮೃಗ, ಆರಿದ್ರಾ ನಂಬಿ ಕೂತವರಿಲ್ಲ; ಬಂದರೆ ಉತ್ತರೆ, ಹಸ್ತದ ಮಳೆ. ಹೀಗಿರುವಾಗ ಸ್ಲ್ಯಾಬ್ ಹಾಕಲು ಒಳ್ಳೆಯ ಕಾಲ ಕಾರ್ತೀಕ, ಬಾವಿಯಲ್ಲಿ ಅಷ್ಟೋ ಇಷ್ಟೋ ನೀರಿರುವಾಗ. ಆದರೆ ಸರಕಾರದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಗುರಿ ಮುಟ್ಟಬೇಕು, ಹಪ್ತಾ (ಕಂತು) ಬಿಡಬೇಕು, ಫೋಟೋ ಏರಿಸಬೇಕು. ಹಾಗಾಗಿ ನಮ್ಮ ಕಡೆ ಎಷ್ಟೋ ಘರಕುಲಗಳ ಸ್ಲ್ಯಾಬು ಬಿದ್ದದ್ದು (ಹಾಕಿದ್ದು ಎಂಬ ಅರ್ಥದಲ್ಲಿ) ಬ್ಯಾಸಗಿಯಲ್ಲೇ. ಹಣದ ಪಂಚಾಂಗ ಬೇರೆ, ನೀರಿನ ಪಂಚಾಂಗ ಬೇರೆ. ಇದು ಯಾವೊಬ್ಬ ಅಧಿಕಾರಿಯ ತಪ್ಪೂ ಅಲ್ಲ, ಕಾಕಿಯದಂತೂ ಅಲ್ಲ. ಯೋಜನೆ ಹಾಕುವ ಜಾಗಕ್ಕೂ ಮನೆ ಕಟ್ಟುವ ಜಾಗಕ್ಕೂ ಇರುವ ದೂರ ಅದು. ಕಂತ್ರಾಟದಾರರು ನೀರು ಹೊಡೆಯಿರಿ ಎಂದು ಬಡಿದುಕೊಂಡದ್ದು ನಿಜವಿದ್ದರೆ, ಆ ಮಾತನ್ನು ಇನ್ನೂ ಸ್ವಲ್ಪ ಮೇಲಿನವರಿಗೆ ಕೇಳುವಂತೆ ಬಡಿದುಕೊಳ್ಳಲಿ. ನನ್ನ ಪಕ್ಷದಲ್ಲೇ ಬಂದು ನಿಂತಂತಾಗುತ್ತದೆ.

ಅವರೇ ಇನ್ನೊಂದು ಗಂಟು ಹಾಕಿದರು. “ಕಾರ್ತೀಕದಾಗ ಸ್ಲ್ಯಾಬ್ ಅಂತೀರಿ, ಕಾರ್ತೀಕದಾಗ ಊರಾಗ ಇರ್ತಾರ ಯಾರು?” ಸರಿಯಾದ ಪ್ರಶ್ನೆ. ಕಬ್ಬು ಕಡಿಯುವ ಟೋಳಿಗಳು ಉಚಲ (ಮುಂಗಡ) ತೆಗೆದುಕೊಂಡು ದೀಪಾವಳಿಯ ಹೊತ್ತಿಗೆ ಕಾರಖಾನೆಯ ಹಾದಿ ಹಿಡಿಯುತ್ತವೆ, ಯುಗಾದಿಯ ಹತ್ತಿರಕ್ಕೆ ತಿರುಗಿ ಬರುತ್ತವೆ. ನೀರಿದ್ದಾಗ ಆಳಿಲ್ಲ, ಆಳಿದ್ದಾಗ ನೀರಿಲ್ಲ. ಇದಕ್ಕೆ ಎಲ್ಲರಿಗೂ ಒಪ್ಪುವ ಒಂದು ತಾರೀಖು ನನ್ನ ಬಳಿ ಇಲ್ಲ. ಅದಕ್ಕೇ ಜಿಲ್ಲೆಗೆಲ್ಲ ಒಂದೇ ತಾರೀಖು ಬೇಡ ಎನ್ನುತ್ತಿರುವುದು. ಕಬ್ಬಿಗೆ ಹೋಗುವ ಮನೆಯವರು ಗಣಪತಿ ಹಬ್ಬದಿಂದ ದಸರೆಯೊಳಗೆ ಮುಗಿಸಲಿ, ಕುರಿ ಕಾಯುವವರು ಕುರಿ ಊರಿಗೆ ಮರಳಿದಾಗ ಮಾಡಲಿ. ಹಪ್ತಾ ಅದಕ್ಕೆ ತಕ್ಕಂತೆ ಬರಲಿ.

ಮೂರನೆಯದು ಎಲ್ಲ ಊರಲ್ಲೂ ಎಲ್ಲ ಯೋಜನೆಗೂ ಹೇಳುವ ಮಾತು: ಕೈಗೆ ರೊಕ್ಕ ಕೊಟ್ಟರೆ ಕುಡಿಯುತ್ತಾರೆ, ಲಗ್ನಕ್ಕೆ ಹಾಕುತ್ತಾರೆ. ಇದಕ್ಕೆ ಬಹಳ ಶಾಯಿ ಖರ್ಚು ಮಾಡಲಾರೆ. ಘರಕುಲದ ಹಣ ಒಮ್ಮೆಲೇ ಬರುವುದಿಲ್ಲ. ಮೊದಲ ಹಪ್ತಾ 15,000, ಪಾಯ ತೋರಿಸಿದರೆ ಮುಂದಿನದು, ಪ್ರತಿ ಹಂತಕ್ಕೂ ಜಾಗದ ಗುರುತು ಹತ್ತಿದ ಫೋಟೋ. ಮನೆ ಹೆಂಗಸಿನ ಹೆಸರಲ್ಲಿ ಅಥವಾ ಗಂಡಹೆಂಡಿರ ಇಬ್ಬರ ಹೆಸರಲ್ಲಿ ಆಗಬೇಕೆಂಬ ನಿಯಮವಿದೆ. ಹಾಗಿದ್ದೂ ಹಪ್ತಾ ಬೇರೆ ಕಡೆ ಹೋದದ್ದುಂಟು. ನಾನು ಕಂಡಿದ್ದರಲ್ಲಿ ಹೆಚ್ಚಿನದು ಹೋದದ್ದು ದವಾಖಾನೆಗೆ, ಆಮೇಲೆ ಸಾಲದ ಬಡ್ಡಿಗೆ. ದಾರೂ ಅಂಗಡಿಗೆ ಹೋದದ್ದೂ ಒಂದೆರಡಿದೆ. ಅದೇ ಫೋಟೋದ ನಿಯಮವನ್ನು ದುರಸ್ತಿಗೂ ಹಾಕಿ, ಯಾರು ಬೇಡವೆಂದರು? ನನ್ನ ತಕರಾರು ಫೋಟೋದ ಬಗ್ಗೆ ಅಲ್ಲ. ಕೊನೆಯ ಫೋಟೋ ತೆಗೆದ ಮರುದಿನದಿಂದ ಆ ಮನೆ ಸರಕಾರದ ಕಣ್ಣಿಗೆ ಕಾಣದೇ ಹೋಗುತ್ತದಲ್ಲ, ಅದರ ಬಗ್ಗೆ.

ಎಷ್ಟು ಕಾಣದೇ ಹೋಗುತ್ತದೆ ಅಂದರೆ, ಹೊಸ ಪಟ್ಟಿ ಮಾಡುವಾಗ ಪಕ್ಕಾ ಮಾಳಿಗೆ ಇರುವ ಮನೆಯನ್ನು ಮೊದಲ ಜರಡಿಯಲ್ಲೇ ತೆಗೆದುಹಾಕುತ್ತಾರೆ. 2011ರ ಸಾಮಾಜಿಕ-ಆರ್ಥಿಕ ಗಣತಿಯ ಪಟ್ಟಿಗೂ ಅದೇ ನಿಯಮ. ಹಿಂದೆ ಒಮ್ಮೆ ಘರಕುಲ ಪಡೆದಿದ್ದರೆ ಎರಡನೆಯ ಸಲಕ್ಕೆ ಹೆಸರೇ ಇಲ್ಲ. ಕಾಕಿಯ ತಾಡಪತ್ರಿ ಕಾಗದದಲ್ಲಿ ‘ಪಕ್ಕಾ ಮಾಳಿಗೆ’. ನಿಯಮ ಮಾಡಿದವರ ಉದ್ದೇಶ ಸರಿಯೇ, ಒಬ್ಬನೇ ಎರಡು ಸಲ ತಿನ್ನಬಾರದು. ಆದರೆ ಬಿದ್ದ ಮನೆಯವನಿಗೆ ಬಿಡಾರ ಇದೆ ಎಂದು ಬರೆದುಕೊಳ್ಳುವುದು ಆ ಉದ್ದೇಶವಲ್ಲ.

ಈಗ ಹುಡುಗರ ಪ್ರಶ್ನೆ, ನನಗೆ ಇಷ್ಟವಾದ ಪ್ರಶ್ನೆ: “ರೊಕ್ಕಾ ಎಲ್ಲಿಂದ ತರ್ತೀರಿ ಅಣ್ಣಾರ? ಲೆಕ್ಕಾ ಹೇಳ್ರಿ, ಭಾಷಣಾ ಬ್ಯಾಡ.”

ಲೆಕ್ಕವೇ ಹೇಳುತ್ತೇನೆ. ಮೊದಲು ಹೊಸ ಮನೆಯದು, ಯಾಕೆಂದರೆ ಅದು ಗೊತ್ತಾದರೆ ಹಳೆಯದರ ಹಣ ಎಲ್ಲಿದೆ ಎಂಬುದು ತಾನೇ ಕಾಣುತ್ತದೆ. ಯೋಜನೆಯ 1.20 ಲಕ್ಷದಲ್ಲಿ ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40. ಉದ್ಯೋಗ ಖಾತ್ರಿಯಿಂದ 90 ದಿನದ ಕೂಲಿ; 2025–26ರ ಮಹಾರಾಷ್ಟ್ರದ ದರ 312 ರೂಪಾಯಿಯಂತೆ 28,080. ಶೌಚಾಲಯಕ್ಕೆ ಸ್ವಚ್ಛ ಭಾರತದ 12,000. ಎಲ್ಲ ಕೂಡಿದರೆ 1,60,080. ಮನೆ 25 ಚದರ ಮೀಟರ್, ಅಂದರೆ 269 ಚದರ ಅಡಿ. ಅಡಿಗೆ 595 ರೂಪಾಯಿ ಬಿತ್ತು. 2025ರಲ್ಲಿ ರಾಜ್ಯ ಸರಕಾರ ಇನ್ನೂ 50,000 ಸೇರಿಸುವುದಾಗಿ ಹೇಳಿತು, ಅದರಲ್ಲಿ ಒಂದು ಪಾಲು ಮಾಳಿಗೆಯ ಮೇಲಿನ ಸೌರಫಲಕಕ್ಕೆ. ಅದೂ ಪೂರ್ತಿ ಸೇರಿದರೆ ಅಡಿಗೆ 780ರ ಹತ್ತಿರ. ಮೇಲೆ ಐದು ಬ್ರಾಸ್ ಉಸುಕು ಫುಕಟ್ ಎಂಬ ನಿಯಮವಿದೆ. ಉಸುಕು ಫುಕಟ್, ಅದನ್ನು ತರುವ ಟ್ರ್ಯಾಕ್ಟರ್ ಅಲ್ಲ. ಈ ದರಕ್ಕೆ ಪಾಯದಿಂದ ಮಾಳಿಗೆಯವರೆಗೆ ಕಟ್ಟಿಕೊಡುತ್ತೇನೆ ಎನ್ನುವ ಗೌಂಡಿ ಇದ್ದರೆ ನನಗೂ ಹೇಳಿ, ನನ್ನ ದನದ ಕೊಟ್ಟಿಗೆ ಕಟ್ಟಿಸುವುದಿದೆ.

ಇನ್ನು ದುರಸ್ತಿ. ಕಾಕಿಯಂಥ ಮನೆಗೆ ಬೇಕಾದ್ದೇನು? ಮಣ್ಣು ಇಳಿಸುವುದು. ಸಡಿಲಾದ ಕಾಂಕ್ರೀಟು ಕೆತ್ತಿ, ಕಂಬಿಯ ಜಂಗು ಉಜ್ಜಿ, ಬೇಕಾದಲ್ಲಿ ಹೊಸ ಕಂಬಿ ಕಟ್ಟಿ ಮತ್ತೆ ಗಿಲಾವು. ಮೇಲೆ ಇಳಿಜಾರು ಬಿಟ್ಟು ನೀರು ಇಳಿಯದಂತೆ ಲೇಪ. ಒಂದು ನೀರಿನ ಕೊಳವೆ. ಸಾಧ್ಯವಾದರೆ ಒಲೆಗೆ ಒಂದು ಪಡಸಾಲೆ, ಯಾಕೆಂದರೆ ಹಳೆಯ ಘರಕುಲಗಳಲ್ಲಿ ಅಡುಗೆಗೆಂದು ಜಾಗವೇ ಇರಲಿಲ್ಲ, ರೊಟ್ಟಿ ಬಡಿಯುವುದು ಇವತ್ತಿಗೂ ಹೊರಗೇ. ಲೆಕ್ಕಕ್ಕೆಂದು ಮನೆಗೆ ಸರಾಸರಿ 30,000 ಹಿಡಿಯೋಣ. ಕೆಲವಕ್ಕೆ ಹತ್ತು ಸಾವಿರ ಸಾಕು, ಕೆಲವನ್ನು ಕೆಡವುವುದೇ ಲೇಸು. ಒಂದೂರಲ್ಲಿ ಅಂಥ ನಲವತ್ತು ಮನೆ ಇವೆ ಅಂದುಕೊಳ್ಳಿ. ಹನ್ನೆರಡು ಲಕ್ಷ. ಅತಿ ಅಪಾಯದಲ್ಲಿರುವುದನ್ನು ಮೊದಲು ಹಿಡಿದು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಮೂರು ಲಕ್ಷ.

ಮೂರು ಲಕ್ಷ ಎಲ್ಲಿಂದ? ಹದಿನೈದನೆಯ ಹಣಕಾಸು ಆಯೋಗದ 2021–26ರ ಗ್ರಾಮೀಣ ಅನುದಾನದಲ್ಲಿ ಮಹಾರಾಷ್ಟ್ರದ ಗ್ರಾಮ ಪಂಚಾಯತಿಗಳಿಗೆ ಬಂದ ಪಾಲು ಶೇ. 80. ಅದರಲ್ಲಿ ಶೇ. 60 ನೀರು-ಸ್ವಚ್ಛತೆಗೆ ಕಟ್ಟಿಟ್ಟದ್ದು, ಶೇ. 40 ಬಿಡಿ ಹಣ, ಊರಿನ ಅಗತ್ಯ ನೋಡಿ ಬಳಸುವುದು. ಸಂವಿಧಾನದ ಹನ್ನೊಂದನೆಯ ಅನುಸೂಚಿಯ ವಿಷಯಗಳಿಗೆ ಅದನ್ನು ಬಳಸಬಹುದು. ಆ ಅನುಸೂಚಿಯಲ್ಲಿ ಹತ್ತನೆಯ ವಿಷಯ ಯಾವುದು ಗೊತ್ತೇ? ಗ್ರಾಮೀಣ ವಸತಿ. ಇನ್ನು ಪಂಚಾಯತಿಯ ಸ್ವಂತ ಉತ್ಪನ್ನದಲ್ಲಿ ಶೇ. 15 ಪರಿಶಿಷ್ಟರಿಗೆ, ಶೇ. 5 ಅಂಗವಿಕಲರಿಗೆ ಖರ್ಚಾಗಬೇಕು. ಈ ಹಣದಲ್ಲಿ ಏನೇನು ಆಗುತ್ತದೆ ಎಂಬುದು ಬಲ್ಲವರಿಗೆ ಗೊತ್ತು: ಖುರ್ಚಿ, ಭಾಂಡೆ, ಸತರಂಜಿ. ಅದೇ ಹಣ ದಲಿತ ಕೇರಿಯ ನಾಲ್ಕು ಮಾಳಿಗೆಗೆ ಲೇಪ ಹಾಕಿದರೆ ಯಾವ ಲೆಕ್ಕ ತಪಾಸಣೆಯವರೂ ಆಕ್ಷೇಪಿಸಲಾರರು. ಉಳಿದದ್ದನ್ನು ರಾಜ್ಯ ಕೊಡಲಿ, ಮೊದಲಿನಂತೆ ವಸತಿ ಹಣದಲ್ಲಿ ಒಂದು ಪಾಲನ್ನು ಸುಧಾರಣೆಗೆಂದು ಕಟ್ಟಿಟ್ಟು. ಮನೆಯವರೂ ಹಾಕಲಿ. ಫುಕಟ್ ಬೇಡ ಎನ್ನುವವರ ಜೊತೆ ನನಗೆ ಈ ಒಂದು ಮಾತಿನಲ್ಲಿ ಜಗಳವಿಲ್ಲ.

ಮನೆಯವರ ಪಾಲು ಎಷ್ಟಿರಬೇಕು ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಟ್ಟಿದ್ದೆ, ಅದಕ್ಕೇ ಎಲ್ಲರಿಗಿಂತ ಹೆಚ್ಚು ನಗೆಯಾಯಿತು. “ಸಿಂಗಪುರ ಎಲ್ಲಿ, ಯಳವಿ ಎಲ್ಲಿ!” ನಕ್ಕವರು ಪೂರ್ತಿ ಕೇಳಲಿಲ್ಲ. ಸಿಂಗಪುರದಲ್ಲಿ ಹೆಚ್ಚಿನ ಜನ ಇರುವುದೇ ಸರಕಾರದ ವಸತಿ ಮಂಡಳಿ ಕಟ್ಟಿದ ಮನೆಗಳಲ್ಲಿ. 2007ರಲ್ಲಿ ಅಲ್ಲಿ ಮನೆ ಸುಧಾರಣೆಯ ಒಂದು ಕಾರ್ಯಕ್ರಮ ತಂದರು. ಸುಮಾರು ಮೂವತ್ತು ವರ್ಷ ಹಳೆಯದಾದ ಕಟ್ಟಡಕ್ಕೆ ಸರದಿ ಬರುತ್ತದೆ. ಬಂದಾಕ್ಷಣ ಕೆಲಸ ಶುರುವಲ್ಲ. ಆ ಕಟ್ಟಡದವರು ಮತ ಹಾಕಬೇಕು, ನೂರಕ್ಕೆ ಎಪ್ಪತ್ತೈದು ಮಂದಿ ಹೂಂ ಎಂದರೆ ಮಾತ್ರ. ಉದುರುವ ಕಾಂಕ್ರೀಟು, ಕೊಳೆತ ಪೈಪು ಇಂಥ ಅತ್ಯಗತ್ಯ ಕೆಲಸಕ್ಕೆ ಅಲ್ಲಿನ ನಾಗರಿಕರಿಂದ ಒಂದು ಕಾಸೂ ತೆಗೆದುಕೊಳ್ಳುವುದಿಲ್ಲ. ಹೊಸ ಬಾಗಿಲು, ಪಾಯಖಾನೆಯ ನವೀಕರಣದಂಥ ಬೇಕಾದರೆ-ಮಾಡಿಸಿಕೊಳ್ಳುವ ಕೆಲಸಕ್ಕೆ ಮನೆಯ ದೊಡ್ಡಸಣ್ಣ ನೋಡಿ ಶೇ. 5ರಿಂದ 12.5. ನಾನು ತಂದದ್ದು ಅವರ ಶ್ರೀಮಂತಿಕೆಯನ್ನಲ್ಲ, ಅವರ ಕ್ರಮವನ್ನು. ಜೀವಕ್ಕೆ ಅಪಾಯವಾದದ್ದು ಊರಿನ ಖರ್ಚು, ಅನುಕೂಲದ್ದು ಹಂಚಿಕೊಂಡ ಖರ್ಚು, ಎರಡಕ್ಕೂ ಮೊದಲು ಇರುವವರ ಒಪ್ಪಿಗೆ. ಒಪ್ಪಿಗೆ ಕೇಳಲು ರೊಕ್ಕ ಬೇಕೇ? ಗ್ರಾಮಸಭೆ ಎಂಬುದು ನಮ್ಮಲ್ಲಿ ಕಾಯಿದೆಯಲ್ಲೇ ಇದೆ.

ಸಿಂಗಪುರ ದೂರವಾದರೆ ನಮ್ಮ ಜಿಲ್ಲೆಯ ಊರೇ ನೋಡಿ. 2005ರ ಕೊನೆಗೆ ಜವಾಹರಲಾಲ ನೆಹರೂ ಹೆಸರಿನ ನಗರ ನವೀಕರಣ ಯೋಜನೆ ಬಂದ ಮೇಲೆ ಸಾಂಗ್ಲಿ-ಮೀರಜ-ಕುಪವಾಡ ಮಹಾನಗರಪಾಲಿಕೆ ಝೋಪಡಪಟ್ಟಿಗಳ ಮನೆ ಕೆಲಸಕ್ಕೆ ಇಳಿಯಿತು. ಅದಕ್ಕೂ ಮುಂಚೆಯೇ ಪುಣೆಯ ಶೆಲ್ಟರ್ ಅಸೋಸಿಯೇಟ್ಸ್ ಎಂಬ ಸಂಸ್ಥೆಯವರು ಅಲ್ಲಿ ಬಸ್ತಿಗಳ ಒಳಗೆ ಹೋಗಿ ಮನೆಮನೆಯ ಮಾಹಿತಿ ಬರೆದು ನಕ್ಷೆ ಮಾಡಿದ್ದರು, ಯಾರ ಮನೆ ಎಷ್ಟು, ನೀರು ಎಲ್ಲಿಂದ, ಮೋರಿ ಎಲ್ಲಿಗೆ ಎಂದು. ಆಮೇಲಿನ ಯೋಜನೆಗೆ ಆ ನಕ್ಷೆಯೇ ತಳಪಾಯವಾಯಿತು. ಅಲ್ಲಿಯೂ ಎಲ್ಲವೂ ಹೂ ಎತ್ತಿದಂತೆ ನಡೆಯಿತು ಎನ್ನುತ್ತಿಲ್ಲ. ಆದರೆ ಮಹಾನಗರಕ್ಕೆ ಸಾಧ್ಯವಾದ ಮನೆಮನೆಯ ಪಟ್ಟಿ ಒಂದು ಹಳ್ಳಿಗೆ ಅಸಾಧ್ಯ ಎಂದರೆ ನಂಬುವವರಾರು? ನಮ್ಮಲ್ಲಿ ನಮುನಾ ಎಂಟರ ದಪ್ತರದಲ್ಲಿ ಪ್ರತಿ ಮನೆಯ ಉದ್ದಗಲ ಈಗಾಗಲೇ ಇದೆ, ಘರಪಟ್ಟಿ ವಸೂಲಿಗೆಂದು. ವಸೂಲಿಗೆ ಅಳೆದದ್ದನ್ನು ದುರಸ್ತಿಗೂ ಒಮ್ಮೆ ತೆರೆದರಾಯಿತು.

ಉಳಿದದ್ದು ಎರಡು ತಕರಾರು. ಒಂದಕ್ಕೆ ನಾನು ಅರ್ಧ ಸೋಲುತ್ತೇನೆ, ಒಂದಕ್ಕೆ ಸೋಲುವುದಿಲ್ಲ.

ಸೋಲುವುದು ಇದಕ್ಕೆ. ‘ತಲೆ ಮೇಲೆ ಮಾಳಿಗೆಯೇ ಇಲ್ಲದವರಿದ್ದಾರೆ. ಇದ್ದವರ ಮಾಳಿಗೆ ಆಮೇಲೆ ನೋಡೋಣ.’ ಹೇಳಿದವರು ಒಬ್ಬ ಹೆಣ್ಣುಮಗಳು, ಕುರಿಗಾರರ ಮನೆಯವರು. ಇದಕ್ಕೆ ಇಲ್ಲ ಎನ್ನಲು ನನ್ನ ಬಾಯಿ ಏಳಲಿಲ್ಲ, ಈಗಲೂ ಏಳುವುದಿಲ್ಲ. ಅಕ್ಕಾ, ಮೊದಲ ಸರದಿ ನಿಮ್ಮದೇ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಇನ್ನೂ ಎರಡು ಕೋಟಿ ಗ್ರಾಮೀಣ ಮನೆಗೆ ಒಪ್ಪಿಗೆ ಕೊಟ್ಟಿದೆ, 2029ರವರೆಗೆ. ಜರಡಿಯೂ ಸ್ವಲ್ಪ ಸಡಿಲವಾಗಿದೆ: ಮೋಟರ್ ಸೈಕಲ್ ಇದ್ದರೂ, ಫ್ರಿಜ್ ಇದ್ದರೂ ಈಗ ಹೆಸರು ಹೋಗುವುದಿಲ್ಲ, ತಿಂಗಳ ಆದಾಯದ ಮಿತಿ 10,000ದಿಂದ 15,000ಕ್ಕೆ ಏರಿದೆ. ಆದರೆ ನಿಮ್ಮಂಥವರ ಮನೆ ನಿಂತದ್ದು ಬರೀ ಹಣಕ್ಕಲ್ಲ, ಜಾಗಕ್ಕೆ. ಊರೊಳಗಿನ ಗಾವಠಾಣ ತುಂಬಿಹೋಗಿದೆ, ಗಾಯರಾನದಲ್ಲಿ, ಅಂದರೆ ಗೋಮಾಳದಲ್ಲಿ, ಕಟ್ಟಿಕೊಂಡರೆ ಅತಿಕ್ರಮಣ. 2022ರಲ್ಲಿ ಮುಂಬಯಿ ಹೈಕೋರ್ಟು ಗಾಯರಾನದ ಅತಿಕ್ರಮಣ ತೆರವುಗೊಳಿಸಲು ಹೇಳಿದಾಗ ರಾಜ್ಯದ ಉದ್ದಗಲಕ್ಕೂ ಎಷ್ಟು ಮನೆಗಳಲ್ಲಿ ನಿದ್ದೆ ಹಾರಿತು, ನಿಮಗೇ ಗೊತ್ತು. ಜಾಗ ಕೊಳ್ಳಲು ದೀನದಯಾಳ ಉಪಾಧ್ಯಾಯರ ಹೆಸರಿನಲ್ಲಿ ರಾಜ್ಯದ ಯೋಜನೆಯಿದೆ. ಮೊದಲು 50,000 ಇತ್ತು, ಈಗ ಒಂದು ಲಕ್ಷದವರೆಗೆ. ಆ ಬೆಲೆಗೆ ಜಾಗ ಮಾರುವವರು ಬೇಕಲ್ಲ. ಅಂದರೆ ನಿಮ್ಮ ಗಂಟು ಜಾಗದ ಗಂಟು, ಕಾಕಿಯದು ಕಂಬಿಯ ಗಂಟು. ಕಾಕಿಯ ಮಾಳಿಗೆಗೆ ಮೂವತ್ತು ಸಾವಿರ ಹಾಕದಿದ್ದರೆ ಅದರಿಂದ ನಿಮಗೆ ಜಾಗ ಸಿಗುವುದಿಲ್ಲ. ಅವಳ ಮನೆ ಕುಸಿದರೆ ನಿಮ್ಮ ಸಾಲಿನಲ್ಲಿ ನಿಮ್ಮ ಹಿಂದೆ ಇನ್ನೊಬ್ಬಳು ನಿಲ್ಲುತ್ತಾಳೆ, ಅಷ್ಟೇ. ಆದರೂ ಒಂದೇ ವರ್ಷ, ಒಂದೇ ಹಣ, ಎರಡರಲ್ಲಿ ಒಂದು ಎಂದಾದರೆ ನಿಮ್ಮ ಮನೆಗೇ ನಾನು ಕೈ ಎತ್ತುತ್ತೇನೆ.

ಸೋಲದಿರುವುದು ಗಡಿಯ ಮಾತಿಗೆ. “ಕರ್ನಾಟಕಕ್ಕ ಹೋದ್ರ ಇದೆಲ್ಲಾ ಇರೂದss ಇಲ್ಲ.” ಈ ಮಾತು ನಮ್ಮ ಕಡೆ ಬರಗಾಲ ಬಂದಾಗಲೆಲ್ಲ ಚಿಗುರುತ್ತದೆ. 2012ರ ಬರದಲ್ಲಿ ಜತ್ತ ತಾಲೂಕಿನ ಹಳ್ಳಿಗಳು ನೀರು ಕೊಡಿ, ಇಲ್ಲವೇ ಕರ್ನಾಟಕಕ್ಕೆ ಸೇರಲು ಬಿಡಿ ಎಂದು ಠರಾವು ಮಾಡಿದವು. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಅದೇ ಠರಾವನ್ನು ಎತ್ತಿ ಆಡಿದಾಗ ನಮ್ಮ ಊರುಗಳ ಹೆಸರು ಒಮ್ಮೆಲೇ ಟೀವಿಯಲ್ಲಿ ಬಂದವು, ಆ ಗದ್ದಲದ ಬೆನ್ನಿಗೆ ಮ್ಹೈಸಾಳ ವಿಸ್ತಾರಿತ ನೀರಾವರಿಗೆ ಮುಂಬಯಿ ಹಣ ಬಿಚ್ಚಿತು. ನೀರಿನ ಮಟ್ಟಿಗೆ ಆ ಬೆದರಿಕೆ ಕೆಲಸ ಮಾಡಿತು, ಸುಳ್ಳಾಡಲಾರೆ. ನನ್ನ ಮಾತೃಭಾಷೆಯೂ ಕನ್ನಡವೇ, ಮನಸ್ಸು ಆ ಕಡೆ ವಾಲುವುದೂ ಉಂಟು. ಆದರೆ ಮಾಳಿಗೆಯ ವಿಷಯಕ್ಕೆ ಬಂದರೆ ಆಚೆಯ ಲೆಕ್ಕ ಏನು? ಉದ್ಯೋಗ ಖಾತ್ರಿಯ ಕೂಲಿ ಅಲ್ಲಿ ಹೆಚ್ಚು, 2025–26ರಲ್ಲಿ 370. ಅಂಬೇಡ್ಕರ್ ನಿವಾಸದಲ್ಲಿ ಹಳ್ಳಿಯ ಪರಿಶಿಷ್ಟರಿಗೆ 1.75 ಲಕ್ಷ. ಇವು ಮೇಲೇ. ಸಾಮಾನ್ಯರಿಗೆ ಬಸವ ವಸತಿಯಲ್ಲಿ ಅದೇ 1.20 ಲಕ್ಷ. ದುರಸ್ತಿಯ ಮಾತು? ವಿಜಯಪುರ ಜಿಲ್ಲೆಯ ನನ್ನ ನೆಂಟರ ಆಶ್ರಯ ಮನೆಯ ಒಳಗೂ ತಾಡಪತ್ರಿ ಕಟ್ಟಿದ್ದು ಕಂಡಿದ್ದೇನೆ. ಬಣ್ಣ ಮಾತ್ರ ಹಳದಿ.

ಇದೇ ಗಡಿಯ ಇನ್ನೊಂದು ಮಗ್ಗುಲನ್ನು ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಘರಕುಲದ ಪಟ್ಟಿ ಅಂಟಿಸುವುದು ಮರಾಠಿಯಲ್ಲಿ, ಗ್ರಾಮಸಭೆಯ ಠರಾವು ಓದುವುದು ಮರಾಠಿಯಲ್ಲಿ. ಓದಿದ ಹುಡುಗರಿಗೆ ಇದು ತೊಡಕಲ್ಲ. ಕಾಕಿಗೆ ತೊಡಕು. ತನ್ನ ಹೆಸರಿನ ಮುಂದೆ ‘ಅಪಾತ್ರ’ ಎಂದು ಬರೆದದ್ದು, ಅದಕ್ಕೆ ತಕರಾರು ಹಾಕಲು ಅವಧಿ ಇದ್ದದ್ದು, ಎರಡೂ ಅವಳಿಗೆ ತಿಳಿಯುವುದು ಅವಧಿ ಮುಗಿದ ಮೇಲೆ. ಅದಕ್ಕೆ ರಾಜ್ಯವನ್ನೇ ಬದಲಿಸುವುದು ಬೇಕಿಲ್ಲ. ಸಭೆಯಲ್ಲಿ ಪಟ್ಟಿ ಓದುವಾಗ ಒಬ್ಬರು ಎದ್ದು ನಿಂತು ಅದನ್ನೇ ಕನ್ನಡದಲ್ಲಿ ಹೇಳಿದರೆ ಸಾಕು, ಹತ್ತು ನಿಮಿಷದ ಕೆಲಸ. ಮಾಸ್ತರರೇ, ಇದೊಂದು ನೀವು ಮಾಡಬಹುದಲ್ಲ?

ಅಕ್ಟೋಬರ್ 2ರ ಗ್ರಾಮಸಭೆಗೆ ಮೊದಲು ಹಳೆಯ ಘರಕುಲಗಳ ಪಟ್ಟಿ ಮಾಡುವುದೆಂದು ಹುಡುಗರ ಜೊತೆ ಮಾತಾಗಿದೆ. ಪ್ರತಿ ಮನೆಗೆ ಐದು ಸಾಲು: ಯಾವ ವರ್ಷದ್ದು, ಎಷ್ಟು ಹಣದ್ದು, ಯಾವ ತಿಂಗಳಲ್ಲಿ ಸ್ಲ್ಯಾಬ್ ಬಿತ್ತು, ಕಂಬಿ ಕಾಣುತ್ತದೋ ಇಲ್ಲವೋ, ಮೇಲೆ ಮಣ್ಣಿದೆಯೋ ಇಲ್ಲವೋ. ಮೂರನೆಯ ಸಾಲು ಯಾಕೆ ಎಂದು ಕೇಳುವವರಿಗೆ ಮೇಲೆ ಉತ್ತರ ಬರೆದಿದ್ದೇನೆ. ಟೇಪು, ವಹಿ ನಮ್ಮವು. ಮಾಳಿಗೆ ಹತ್ತಿ ನೋಡಲು ಉದ್ದನೆಯ ನಿಚ್ಚಣಿಕೆ ಇರುವುದು ಕಂತ್ರಾಟದಾರರ ಹತ್ತಿರ ಒಂದೇ. ಬೈಯುತ್ತಲೇ ಕೊಡುತ್ತೇನೆ ಎಂದಿದ್ದಾರೆ, ಸಂಜೆಯೊಳಗೆ ಮರಳಿ ತರಬೇಕೆಂಬ ಕರಾರಿನ ಮೇಲೆ.